ಜಿಮ್‌ಗೆ ಮೊದಲು ಸೇಫ್ಟಿ ಸ್ಟ್ಯಾಂಡ್ ಬರಲಿ, ಬಜರ್ ಆಮೇಲೆ

ಸಂಪಾದಕರಿಗೆ,

ಮಾನ್ಯರೆ,

2025ರ ಫೆಬ್ರವರಿಯಲ್ಲಿ ರಾಜಸ್ಥಾನದ ಬಿಕಾನೇರ್‌ನಲ್ಲಿ 17 ವರ್ಷದ ಪವರ್‌ಲಿಫ್ಟರ್ ಒಬ್ಬರು ಸ್ಕ್ವಾಟ್ (ರಾಡನ್ನು ಹೆಗಲ ಮೇಲೆ ಹೊತ್ತು ಕೂತು ಏಳುವುದು) ಅಭ್ಯಾಸ ಮಾಡುವಾಗ 270 ಕೆ.ಜಿ. ಭಾರದ ರಾಡ್ ಕುತ್ತಿಗೆಯ ಮೇಲೆ ಬಿದ್ದು ಮೃತಪಟ್ಟರು. ಅದಕ್ಕೂ ಮುಂಚೆ, 2023ರ ಜುಲೈನಲ್ಲಿ, ಇಂಡೊನೇಷ್ಯಾದ ಬಾಲಿಯಲ್ಲಿ 210 ಕೆ.ಜಿ. ಹೊತ್ತಿದ್ದ ಯುವಕನೊಬ್ಬ ಹೆಚ್ಚುಕಡಿಮೆ ಹೀಗೆಯೇ ಪ್ರಾಣ ಕಳೆದುಕೊಂಡ. ಎರಡೂ ಕಡೆ ಸಹಾಯಕ್ಕೆಂದು ಜನ ಪಕ್ಕದಲ್ಲೇ ನಿಂತಿದ್ದರು. ಪಕ್ಕದಲ್ಲಿ ಒಬ್ಬರು ‘ಸಪೋರ್ಟ್’ ಕೊಡಲು ಇದ್ದರೆ ಸಾಕು ಎಂಬ ನಂಬಿಕೆ ನಮ್ಮ ಜಿಮ್‌ಗಳಲ್ಲಿ ಬಲವಾಗಿದೆ. ಈ ಪತ್ರ ಬರೆಯುತ್ತಿರುವುದು ಆ ನಂಬಿಕೆಯ ಬಗ್ಗೆ, ಅದರ ಜಾಗದಲ್ಲಿ ಇರಬೇಕಾದ ಸೇಫ್ಟಿ ಸ್ಟ್ಯಾಂಡ್ ಬಗ್ಗೆ, ಅಂದರೆ ಬೀಳುವ ರಾಡನ್ನು ತಡೆದು ಹಿಡಿಯುವ ಕಬ್ಬಿಣದ ಆಸರೆಯ ಬಗ್ಗೆ.

ಲೆಕ್ಕ ಸರಳ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸುಮಾರು 0.2 ಸೆಕೆಂಡ್ ಬೇಕು. ಹಿಡಿತ ತಪ್ಪಿದ ರಾಡ್ ಅಷ್ಟರಲ್ಲಿ 20 ಸೆಂ.ಮೀ. ಕೆಳಗಿಳಿದಿರುತ್ತದೆ. 0.3 ಸೆಕೆಂಡ್ ತಡವಾದರೆ 44 ಸೆಂ.ಮೀ. ಬೆಂಚಿನ ಮೇಲೆ ಮಲಗಿ ರಾಡನ್ನು ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ತೋಳು ಪೂರ್ತಿ ಚಾಚಿದಾಗ ರಾಡ್‌ಗೂ ಎದೆಗೂ ಇರುವ ಅಂತರ ಸಾಮಾನ್ಯವಾಗಿ 35ರಿಂದ 40 ಸೆಂ.ಮೀ. ಅಂದರೆ ಸ್ಪಾಟರ್ (‘ಸಪೋರ್ಟ್’ ಕೊಡಲು ನಿಂತವರು) ಎಷ್ಟೇ ಚುರುಕಾಗಿದ್ದರೂ, ಅವರ ಕೈ ತಲುಪುವ ಹೊತ್ತಿಗೆ ರಾಡ್ ಎದೆ ಮುಟ್ಟಿರುತ್ತದೆ. ನಿಧಾನವಾಗಿ ಸೋಲುತ್ತಿರುವ ಲಿಫ್ಟ್‌ಗೆ ಮನುಷ್ಯರ ನೆರವು ಸರಿ. ಜಾರಿದ ರಾಡ್‌ಗೆ ಅದು ನೆರವೇ ಅಲ್ಲ. ಮೊದಲೇ ಅಲ್ಲಿ ನಿಂತಿರುವ ಕಬ್ಬಿಣ ಮಾತ್ರ ಆ ಕೆಲಸ ಮಾಡಬಲ್ಲದು.

ಎಲ್ಲ ಭಾರ ಎತ್ತುವಿಕೆಗೂ ಈ ಅಪಾಯ ಇಲ್ಲ. ಕುಂದಾಪುರ ತಾಲ್ಲೂಕಿನ ಗುರುರಾಜ್ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರಲ್ಲ, ರಾಡನ್ನು ತಲೆಯ ಮೇಲಕ್ಕೆತ್ತುವ ಆ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್‌ಗಳಲ್ಲಿ ಎತ್ತು ತಪ್ಪಿದರೆ ರಾಡನ್ನು ಮುಂದಕ್ಕೋ ಹಿಂದಕ್ಕೋ ಬಿಟ್ಟು ದೂರ ಸರಿಯುವುದನ್ನೇ ಮೊದಲು ಕಲಿಸುತ್ತಾರೆ. ಅದಕ್ಕೆಂದೇ ರಬ್ಬರ್ ಪ್ಲೇಟ್, 4 ಮೀಟರ್ ಚೌಕದ ವೇದಿಕೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೂ ಆಗದಿದ್ದರೆ ಕಲ್ಲು ಬಿಟ್ಟು ಹಿಂದೆ ಸರಿಯುತ್ತಾರೆ. ಬೆಂಚ್ ಪ್ರೆಸ್‌ನಲ್ಲಿ ಮಾತ್ರ ಬಿಡಲು ಜಾಗವೇ ಇಲ್ಲ, ರಾಡಿನ ಕೆಳಗೆ ಇರುವುದು ಎದೆ, ಗಂಟಲು, ಮುಖ. ಭಾರೀ ಸ್ಕ್ವಾಟ್‌ನಲ್ಲಿ ಮುಂದಕ್ಕೆ ಮುಗ್ಗರಿಸಿದರೆ ಕುತ್ತಿಗೆಯ ಗತಿಯೂ ಅದೇ. ರಕ್ಷಣಾ ಸಾಧನ ವಿನ್ಯಾಸ ಮಾಡುವವರು ಮೊದಲು ಕೈಹಾಕಬೇಕಾದದ್ದು ಈ ಎರಡಕ್ಕೆ.

ಬೆಂಚ್ ಪ್ರೆಸ್‌ಗೆ ಬೇಕಾದ ಸ್ಟ್ಯಾಂಡನ್ನು ಯಾವ ಊರಿನ ವೆಲ್ಡಿಂಗ್ ಶಾಪ್‌ನಲ್ಲಾದರೂ ಮಾಡಿಸಬಹುದು. ಬೆಂಚಿನ ಎರಡೂ ಪಕ್ಕದಲ್ಲಿ ಒಂದೊಂದು ಸ್ಟ್ಯಾಂಡ್. ಪ್ರತಿಯೊಂದಕ್ಕೂ ನೆಲದ ಮೇಲೆ ನಿಲ್ಲುವ ಎರಡು ಕಾಲು, ಮೇಲೆ ಒಂದು ಅಡ್ಡತೊಲೆ. ತೊಲೆಗೂ ಹೊರಗಾಲಿಗೂ ಪಾದಕ್ಕೂ 60×60×3.2 ಮಿ.ಮೀ. ಸ್ಕ್ವೇರ್ ಪೈಪ್. ಹೊರಗಾಲಿನೊಳಗೆ ಮೇಲೆ ಕೆಳಗೆ ಜಾರುವ ಒಳಗಾಲಿಗೆ 50×50×3.2. ಕಾಲಿನಿಂದ ಕಾಲಿಗೆ 70 ಸೆಂ.ಮೀ., ತೊಲೆಯ ಉದ್ದ 80. ಹೊರಗಾಲು 42 ಸೆಂ.ಮೀ., ಒಳಗಾಲು 40. ಕೆಳಗಿನ ಪಾದ 6 ಸೆಂ.ಮೀ., ಮೇಲಿನ ತೊಲೆ 6, ಅದರ ಮೇಲಿನ ರಬ್ಬರ್ 1 ಸೇರಿದರೆ ತೀರ ಇಳಿಸಿದಾಗ ಎತ್ತರ 55 ಸೆಂ.ಮೀ., ಪೂರ್ತಿ ಏರಿಸಿದಾಗ 80. ಏರಿಸಿದಾಗಲೂ 15 ಸೆಂ.ಮೀ. ಒಳಗಾಲು ಹೊರಗಾಲಿನೊಳಗೇ ಉಳಿದಿರಬೇಕು. ಪವರ್‌ಲಿಫ್ಟಿಂಗ್ ನಿಯಮದ ಬೆಂಚ್ 42ರಿಂದ 45 ಸೆಂ.ಮೀ. ಎತ್ತರ ಇರುತ್ತದೆ, ಮಲಗಿದವರ ಎದೆಯ ದಪ್ಪ, ಬೆನ್ನಿನ ಕಮಾನು ಸೇರಿಸಿದರೆ ಬಹುಪಾಲು ಜನರಿಗೆ ರಾಡ್ ಎದೆ ಮುಟ್ಟುವುದು 65ರಿಂದ 75 ಸೆಂ.ಮೀ. ಎತ್ತರದಲ್ಲಿ. ಹಾಗಾಗಿ ಈ ಅಳತೆ ಸಣ್ಣ ಮೈಯವರಿಗೂ ದೊಡ್ಡ ಮೈಯವರಿಗೂ ಸಾಲುತ್ತದೆ. ಜೋಡಿಗೆ ಒಟ್ಟು ಸುಮಾರು 40 ಕೆ.ಜಿ. ಉಕ್ಕು ಹಿಡಿಯುತ್ತದೆ, ಖರ್ಚನ್ನು ಆ ದಿನದ ದರದ ಮೇಲೆ ಲೆಕ್ಕ ಹಾಕಿಕೊಳ್ಳಬಹುದು.

ಬೆಂಚಿನ ಕಂಬಕ್ಕೇ ಒಂದು ತೋಳು ಬೆಸೆದರೆ ಸಾಲದೆ, ಎರಡು ಕಾಲು ಏಕೆ ಎಂದು ಕೇಳುವವರಿದ್ದಾರೆ. ಸಾಲದು. 100 ಕೆ.ಜಿ. ರಾಡ್ 10 ಸೆಂ.ಮೀ. ಬಿದ್ದು 1 ಸೆಂ.ಮೀ. ಒಳಗೆ ನಿಂತರೆ ಆಸರೆಯ ಮೇಲೆ ಬೀಳುವ ಸರಾಸರಿ ಬಲವೇ ತೂಕದ 11 ಪಟ್ಟು. 150 ಕೆ.ಜಿ. ರಾಡ್ ಆದರೆ ಒಂದೊಂದು ಪಕ್ಕಕ್ಕೆ 825 ಕೆ.ಜಿ. ತೂಕ ಹೇರಿದ ಹಾಗೆ. ಇದೇ 60×60×3.2 ಪೈಪನ್ನು ಒಂದೇ ತುದಿಯಲ್ಲಿ ಹಿಡಿದು, ಕಂಬದಿಂದ 40 ಸೆಂ.ಮೀ. ದೂರದಲ್ಲಿ ಆ ಏಟು ಕೊಟ್ಟರೆ ಪೈಪಿನೊಳಗಿನ ಒತ್ತಡ ಸುಮಾರು 248 ಮೆಗಾಪ್ಯಾಸ್ಕಲ್ ಆಗುತ್ತದೆ. ಭಾರತೀಯ ಮಾನಕ ಐಎಸ್ 4923ರ ವೈಎಸ್‌ಟಿ 210 ದರ್ಜೆಯ ಪೈಪ್ 210ಕ್ಕೇ ಬಾಗುತ್ತದೆ. ಎರಡೂ ತುದಿಗೆ ಕಾಲು ಕೊಟ್ಟು ನಡುವೆ ಅದೇ ಏಟು ಬಿದ್ದರೆ ಒತ್ತಡ 110ರ ಆಸುಪಾಸು, ಅರ್ಧದಷ್ಟು ಅಂತರ ಕೈಯಲ್ಲಿ ಉಳಿಯುತ್ತದೆ. ಆ ಅಂತರ ಬೇಕೇ ಬೇಕು, ಏಕೆಂದರೆ ಇದೆಲ್ಲ ಸರಾಸರಿ. ಕ್ಷಣಮಾತ್ರದ ಗರಿಷ್ಠ ಇದಕ್ಕಿಂತ ಹೆಚ್ಚಿರುತ್ತದೆ. ಇನ್ನು ಪೂರ್ತಿ ಚಾಚಿದ ತೋಳಿನಿಂದಲೇ 100 ಕೆ.ಜಿ. ಜಾರಿದರೆ ಈ ತೊಲೆಯೂ ಬಾಗಬಹುದು. ಬಾಗಲಿ, ಬಾಗುತ್ತಲೇ ಅದು ಏಟನ್ನು ನುಂಗುತ್ತದೆ, ಕೆಳಗಿರುವವರು ಬದುಕುತ್ತಾರೆ. ಆದರೆ ಒಮ್ಮೆ ಬಾಗಿದ ತೊಲೆಯನ್ನು ಸುತ್ತಿಗೆಯಿಂದ ನೇರ ಮಾಡಿ ಮತ್ತೆ ಹಾಕಬಾರದು, ಗುಜರಿಗೆ ಹೋಗಬೇಕು.

ತೊಲೆಯನ್ನು ಮಟ್ಟವಾಗಿ ಬೆಸೆಯುವ ಬದಲು ತಲೆಯ ಕಡೆ 25 ಮಿ.ಮೀ. ಎತ್ತರ ಇರುವಂತೆ ಬೆಸೆಯಬೇಕು. ಮಲಗಿದವರ ಮೂಗು ಹೆಚ್ಚುಕಡಿಮೆ ಎದೆಯಷ್ಟೇ ಎತ್ತರದಲ್ಲಿರುತ್ತದೆ ಎಂಬುದನ್ನು ವಿನ್ಯಾಸ ಮಾಡುವವರು ಮರೆತುಬಿಡುತ್ತಾರೆ. ಮಟ್ಟದ ತೊಲೆಯ ಮೇಲೆ ಕೂತ ರಾಡ್ ಮುಖದ ಕಡೆಗೂ ಉರುಳಬಹುದು. ಇಳಿಜಾರಿದ್ದರೆ ಹೊಟ್ಟೆಯ ಕಡೆಗೆ ಉರುಳುತ್ತದೆ. ಕಾಲಿನ ಕಡೆಯ ತುದಿಯಲ್ಲಿ 5 ಸೆಂ.ಮೀ. ಎತ್ತರದ ತಡೆ ಬೆಸೆದರೆ ಅಲ್ಲೇ ನಿಲ್ಲುತ್ತದೆ.

ಎತ್ತರ ಹೊಂದಿಸುವ ತೂತುಗಳಲ್ಲೇ ಬಹಳಷ್ಟು ಸ್ಟ್ಯಾಂಡ್‌ಗಳು ಕೆಡುವುದು. 50 ಮಿ.ಮೀ.ಗೆ ಒಂದು ತೂತಿದ್ದರೆ ಬೆಂಚ್ ಪ್ರೆಸ್‌ಗೆ ಉಪಯೋಗವಿಲ್ಲ. ಒಂದು ತೂತಿನಲ್ಲಿ ರಾಡ್ ಎದೆಗೆ ತಲುಪುವುದೇ ಇಲ್ಲ, ಅದರ ಕೆಳಗಿನದರಲ್ಲಿ ಗಂಟಲಿಗೆ ರಕ್ಷಣೆ ಇಲ್ಲ. ಹಾಗೆಂದು 25 ಮಿ.ಮೀ.ಗೆ ಒಂದರಂತೆ 17 ಮಿ.ಮೀ. ತೂತು ಕೊರೆದರೆ ನಡುವೆ ಉಳಿಯುವ ಲೋಹ 8 ಮಿ.ಮೀ. ಮಾತ್ರ. ಇದಕ್ಕೊಂದು ಉಪಾಯವಿದೆ. ಒಳಗಾಲಿನಲ್ಲಿ 50 ಮಿ.ಮೀ. ಅಂತರದಲ್ಲೇ ತೂತು ಇರಲಿ, ಹೊರಗಾಲಿನಲ್ಲಿ 75 ಮಿ.ಮೀ. ಅಂತರದಲ್ಲಿ ಎರಡು ತೂತು ಕೊರೆಯಿರಿ. ಎರಡೂ ಕಾಲಿನ ತೂತುಗಳಲ್ಲಿ ತೂರಿಸುವ ಪಿನ್ ಅನ್ನು ಹೊರಗಾಲಿನ ಮೇಲಿನ ತೂತಿಗೆ ಹಾಕಿದಾಗ ಸಿಗುವ ಎತ್ತರಗಳ ನಡುವೆ, ಕೆಳಗಿನ ತೂತಿನ ಎತ್ತರಗಳು ಬಂದು ಕೂರುತ್ತವೆ. ಪೈಪಿನ ಬಲ ಕಡಿಮೆಯಾಗದೆ 25 ಮಿ.ಮೀ. ಹೆಜ್ಜೆ ಸಿಗುತ್ತದೆ. ಪಿನ್‌ಗೆ 16 ಮಿ.ಮೀ. ಬ್ರೈಟ್ ಬಾರ್ (ನುಣುಪಾದ ಉಕ್ಕಿನ ಸರಳು) ಬಳಸಬೇಕು. ಮರೆ (ಥ್ರೆಡ್) ಇರುವ ಬೋಲ್ಟ್ ಬೇಡ, ಮರೆ ತೂತಿನ ಅಂಚು ತಿನ್ನುತ್ತದೆ. ಪಿನ್ನನ್ನು ಸಣ್ಣ ಸರಪಳಿಯಿಂದ ಕಾಲಿಗೇ ಕಟ್ಟಿಡಿ. ಕಳೆದುಹೋದ ಪಿನ್ನಿನ ಜಾಗಕ್ಕೆ ಸ್ಕ್ರೂಡ್ರೈವರ್ ತೂರಿಸುವ ಅಭ್ಯಾಸ ನಮ್ಮ ಜಿಮ್‌ಗಳಲ್ಲಿ ಹೊಸದೇನಲ್ಲ.

ಪಾದದ ಅಡ್ಡಪೈಪ್ ಹೊರಕ್ಕೆ 30 ಸೆಂ.ಮೀ., ಒಳಕ್ಕೆ 10 ಸೆಂ.ಮೀ. ಚಾಚಿರಲಿ. ಒಳಕ್ಕೆ ಹೆಚ್ಚು ಚಾಚಿದರೆ ಎತ್ತುವವರು ಕಾಲೂರುವ ಜಾಗಕ್ಕೆ ಅಡ್ಡ ಬರುತ್ತದೆ. ತಲೆಯ ಕಡೆ ನೆಲಕ್ಕೆ ಒತ್ತಿದಂತೆ 50×6 ಮಿ.ಮೀ. ಪಟ್ಟಿಯೊಂದರಿಂದ ಎರಡೂ ಸ್ಟ್ಯಾಂಡ್ ಜೋಡಿಸಿದರೆ ಏಟಿಗೆ ಅಗಲವಾಗಿ ಸರಿಯುವುದಿಲ್ಲ. 7 ಅಡಿಯ ಒಲಿಂಪಿಕ್ ರಾಡ್‌ನಲ್ಲಿ ಎರಡು ಕಡೆಯ ಪ್ಲೇಟ್‌ಗಳ ನಡುವೆ 131 ಸೆಂ.ಮೀ. ಇರುತ್ತದೆ, ಸ್ಟ್ಯಾಂಡ್‌ಗಳನ್ನು ನಡುವಿನಿಂದ ನಡುವಿಗೆ 110 ಸೆಂ.ಮೀ.ಗೆ ಇಟ್ಟರೆ ಕೈಗೂ ತಾಗದು, ಪ್ಲೇಟ್‌ಗೂ ತಾಗದು. ಆದರೆ ಸಣ್ಣ ಊರುಗಳ ಜಿಮ್‌ಗಳಲ್ಲಿ 5 ಅಡಿ, 6 ಅಡಿ ರಾಡ್‌ಗಳೂ ಇವೆ. ಮಾಡಿಸುವ ಮೊದಲು ನಿಮ್ಮ ರಾಡ್ ಅಳೆಯಿರಿ, ಜೋಡಿಸುವ ಪಟ್ಟಿಯಲ್ಲಿ ಎರಡು ಮೂರು ಅಗಲಗಳಿಗೆ ತೂತು ಮಾಡಿಸಿಕೊಳ್ಳಿ.

ರಬ್ಬರ್‌ಗೆ 10 ಮಿ.ಮೀ. ದಪ್ಪದ ಹಳೆಯ ಕನ್ವೇಯರ್ ಬೆಲ್ಟ್ ತುಂಡು ಒಳ್ಳೆಯದು. ಗೋಂದು ಹಚ್ಚಿ ಅಂಟಿಸಿದ್ದು ಬೆವರು, ಸೆಕೆಗೆ ಏಳುತ್ತದೆ. ತಲೆ ಹುದುಗುವ ಬೋಲ್ಟ್ ಹಾಕಿ ಬಿಗಿಯಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸವಾಗುವುದು ಪೈಪಿನ ದಪ್ಪದಲ್ಲಿ. ಗೇಟು, ಕಿಟಕಿಗೆ ಬಳಸುವ 1.6 ಮಿ.ಮೀ. ಪೈಪ್ ಹೊರಗಿನಿಂದ 3.2ರ ಹಾಗೆಯೇ ಕಾಣುತ್ತದೆ, ಬಣ್ಣ ಹೊಡೆದ ಮೇಲಂತೂ ಗೊತ್ತೇ ಆಗುವುದಿಲ್ಲ. ಅದರ ಬಲ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕತ್ತರಿಸಿದ ತುದಿಗೆ ವರ್ನಿಯರ್ ಹಿಡಿದು ನೋಡದೆ ಒಪ್ಪಿಕೊಳ್ಳಬೇಡಿ. ಬೆಸುಗೆ ನಾಲ್ಕೂ ಬದಿ ಪೂರ್ತಿ ಸುತ್ತಿರಬೇಕು, ಮೂಲೆಗಳಲ್ಲಷ್ಟೇ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ ಮೇಲೆ ಪುಟ್ಟಿ ಸವರಿದರೆ ಕಣ್ಣಿಗೆ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲೇ ಪರೀಕ್ಷೆ ಆಗಲಿ. ಬೆಸುಗೆಯ ಮೇಲೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆಮೇಲೆ ಜೋಡಿಯ ಮೇಲೆ 300 ಕೆ.ಜಿ. ಹೇರಿ ಹತ್ತು ನಿಮಿಷ ಬಿಟ್ಟು, ತೆಗೆದು, ತೊಲೆಯ ಉದ್ದಕ್ಕೂ ನೂಲು ಎಳೆದು ಹಿಡಿಯಿರಿ. ನೂಲಿಗೂ ತೊಲೆಗೂ ನಡುವೆ 1 ಮಿ.ಮೀ. ಬೆಳಕು ಕಂಡರೂ ಅದು ಬೇಡ. ಕೊನೆಗೆ 100 ಕೆ.ಜಿ. ರಾಡನ್ನು ಚೈನ್ ಬ್ಲಾಕ್‌ಗೆ ಹಗ್ಗದಿಂದ ತೂಗುಹಾಕಿ, ತೊಲೆಯಿಂದ 10 ಸೆಂ.ಮೀ. ಮೇಲಕ್ಕೆತ್ತಿ ಹಗ್ಗ ಕತ್ತರಿಸಿ. ಈ ಪರೀಕ್ಷೆಯ ಹೊತ್ತಿಗೆ ಬೆಂಚಿನ ಮೇಲೂ ಸುತ್ತಲೂ ಯಾರೂ ಇರಕೂಡದು.

ಬಳಸುವವರು ಮೊದಲು ಖಾಲಿ ರಾಡ್‌ನಲ್ಲಿ ಹೊಂದಿಸಿಕೊಳ್ಳಬೇಕು. ಎಂದಿನಂತೆ ಎದೆ ಉಬ್ಬಿಸಿ ರಾಡ್ ಮುಟ್ಟಿಸಿದಾಗ ರಾಡಿಗೂ ರಬ್ಬರ್‌ಗೂ 2-3 ಸೆಂ.ಮೀ. ಜಾಗ ಇರಲಿ. ಈಗ ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿ. ರಾಡ್ ರಬ್ಬರ್ ಮೇಲೆ ಕೂತು ಎದೆ ಸಡಿಲವಾಗಬೇಕು. ಕೆಳಗಿನಿಂದ ಜಾರಿ ಹೊರಗೆ ಬರಲು ಆಗುತ್ತದೆಯೇ ಎಂದೂ ನೋಡಿಕೊಳ್ಳಿ. ಬೆನ್ನಿನ ಕಮಾನು ಕಡಿಮೆ ಇರುವವರಿಗೆ ಈ ಎರಡೂ ಒಟ್ಟಿಗೆ ಸಿಗದಿರಬಹುದು. ಅಂಥವರು ಮೇಲಿನ ತೂತನ್ನೇ ಆರಿಸಿಕೊಳ್ಳಲಿ, ರಾಡ್ ಎದೆಗೆ 1 ಸೆಂ.ಮೀ. ಮೊದಲೇ ನಿಂತರೆ ಅಭ್ಯಾಸಕ್ಕೆ ಯಾವ ನಷ್ಟವೂ ಇಲ್ಲ. ತೂತುಗಳಿಗೆ ಬಣ್ಣದಲ್ಲಿ ಅಂಕಿ ಬರೆದು, ಎಡ ಬಲ ಎರಡೂ ಕಡೆ, ಮುಂದೆ ಹಿಂದೆ ಎರಡೂ ಕಾಲಿಗೆ ಒಂದೇ ಅಂಕಿ ಇದೆಯೇ ಎಂದು ಪ್ರತಿ ಸಲ ನೋಡಬೇಕು. ಒಂದು ಕಡೆ ತಗ್ಗಿದ್ದರೆ ರಾಡ್ ವಾಲಿ, ಆ ಕಡೆಯ ಪ್ಲೇಟ್‌ಗಳು ಉದುರಿ, ಇನ್ನೊಂದು ತುದಿ ಚಾಟಿಯಂತೆ ಬೀಸುತ್ತದೆ. ಒಬ್ಬರೇ ಇರುವಾಗ ರಾಡ್ ವಾಲಿಸಿ ಪ್ಲೇಟ್ ಉದುರಿಸಿ ಪಾರಾಗಬಹುದೆಂದು, ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಹಾಕದೆ ಬೆಂಚ್ ಮಾಡುವವರಿದ್ದಾರೆ. ಸ್ಟ್ಯಾಂಡ್ ಇದ್ದಲ್ಲಿ ಆ ನೆಪಕ್ಕೆ ಜಾಗವಿಲ್ಲ, ಕ್ಲಿಪ್ ಕಡ್ಡಾಯ. ಹೆಬ್ಬೆರಳು ಸುತ್ತದೆ ರಾಡ್ ಹಿಡಿಯುವುದನ್ನೂ ಬಿಡಬೇಕು, ಅಂಗೈಯಿಂದ ರಾಡ್ ಜಾರುವುದು ಬಹುಪಾಲು ಆ ಹಿಡಿತದಲ್ಲೇ.

ಸ್ಕ್ವಾಟ್‌ಗೂ ತತ್ವ ಇದೇ. ನಾಲ್ಕು ಕಂಬದ ರ‍್ಯಾಕ್, ಎರಡೂ ತುದಿ ಕಂಬಕ್ಕೆ ಕೂತ ತೊಲೆ, 60×60×4 ಮಿ.ಮೀ. ಪೈಪ್. ತೀರ ಕೆಳಗೆ ಕೂತಾಗ ರಾಡ್ ಇರುವ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತೊಲೆ ಇರಲಿ. ರ‍್ಯಾಕ್‌ನ ಹೊರಗೆ ನಿಂತು ಸ್ಕ್ವಾಟ್ ಮಾಡಿದರೆ ರ‍್ಯಾಕ್ ಇದ್ದೂ ಇಲ್ಲದ ಹಾಗೆ.

ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳ ವಿಷಯ. ಬೆನ್ನಿಗೆ ಸೆನ್ಸರ್ ಕಟ್ಟಿ, ಬೆನ್ನು ಬಾಗಿದರೆ ಬಜರ್ ಕೂಗುವ ಸಾಧನ ಇವರಿಗೆ ಬಹಳ ಇಷ್ಟ. ಅವರ ಆಸಕ್ತಿ ನಮಗೆ ನಿಜಕ್ಕೂ ಸಂತೋಷ ತರುತ್ತದೆ, ಆದ್ದರಿಂದಲೇ ಎಲ್ಲಿ ಎಡವುತ್ತಾರೆ ಎಂಬುದನ್ನು ಬಿಡಿಸಿ ಹೇಳುತ್ತೇವೆ. ವಾಲುವಿಕೆ ಅಳೆಯುವ ಎಂಪಿಯು-6050 ಸೆನ್ಸರ್ ಒಂದನ್ನೇ ಬೆನ್ನಿಗೆ ಕಟ್ಟಿ 45 ಡಿಗ್ರಿ ದಾಟಿದರೆ ಕೂಗು ಎಂದು ಪ್ರೋಗ್ರಾಂ ಬರೆದರೆ, ಅದು ಸರಿಯಾದ ಡೆಡ್‌ಲಿಫ್ಟ್‌ಗೇ (ನೆಲದ ಮೇಲಿನ ರಾಡನ್ನು ಎತ್ತಿ ನಿಲ್ಲುವುದು) ಕೂಗುತ್ತದೆ. ಬೆನ್ನು ನೇರ ಇಟ್ಟು ಸೊಂಟದ ಕೀಲಿನಿಂದ ಬಾಗುವವರ ಮುಂಡವೂ 60 ಡಿಗ್ರಿಗಿಂತ ಹೆಚ್ಚು ವಾಲಿರುತ್ತದೆ. ಒಂದು ಸೆನ್ಸರ್ ಅಳೆಯುವುದು ಮುಂಡದ ವಾಲುವಿಕೆಯನ್ನು. ಬೇಕಾದದ್ದು ಬೆನ್ನು ಗೂನಾಗುವುದರ ಅಳತೆ. ಅದಕ್ಕೆ ಎರಡು ಸೆನ್ಸರ್ ಬೇಕು: ಒಂದು ಬೆಲ್ಟಿನ ಕೆಳಗೆ ತ್ರಿಕಾಸ್ಥಿಯ (ಬೆನ್ನೆಲುಬಿನ ಬುಡದ ಮೂಳೆ) ಮೇಲೆ, ಇನ್ನೊಂದು ಬೆಲ್ಟಿನ ಮೇಲೆ, ಪಕ್ಕೆಲುಬುಗಳು ಮುಗಿಯುವ ಮಟ್ಟದಲ್ಲಿ. ಎರಡರ ಕೋನಗಳ ವ್ಯತ್ಯಾಸವೇ ಬೆನ್ನಿನ ಬಾಗು. ಒಂದರ ಎಡಿ0 ಪಿನ್ ಗ್ರೌಂಡ್‌ಗೆ, ಇನ್ನೊಂದರದ್ದು 3.3 ವೋಲ್ಟ್‌ಗೆ ಕೊಟ್ಟರೆ ವಿಳಾಸಗಳು ಬೇರೆಯಾಗಿ ಒಂದೇ ಇಎಸ್‌ಪಿ-32 ಬೋರ್ಡ್‌ಗೆ (ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್) ಎರಡೂ ಕೂರುತ್ತವೆ. ಈ ಸೆನ್ಸರ್ ಆರಂಭದಲ್ಲಿ ±2 ಜಿ (ಗುರುತ್ವದ ಎರಡು ಪಟ್ಟು) ವ್ಯಾಪ್ತಿಯಲ್ಲಿರುತ್ತದೆ, ರಾಡ್ ನೆಲಕ್ಕೆ ತಾಗಿದ ಏಟಿಗೆ ಅದು ತುಂಬಿಹೋಗಿ ಕೋನ ಸುಳ್ಳಾಗುತ್ತದೆ. ±8 ಜಿ ಗೆ ಬದಲಿಸಿ. ಸೆನ್ಸರ್‌ನೊಳಗಿನ ಗೈರೊ (ತಿರುಗುವ ವೇಗ ಅಳೆಯುವುದು) ಒಂದನ್ನೇ ನಂಬಿದರೆ ಅಳತೆ ನಿಧಾನವಾಗಿ ಸರಿದುಹೋಗುತ್ತದೆ, ಆಕ್ಸೆಲರೋಮೀಟರ್ (ವೇಗದ ಏರಿಳಿತ ಅಳೆಯುವುದು) ಒಂದನ್ನೇ ನಂಬಿದರೆ ಪ್ರತಿ ಅಲುಗಾಟಕ್ಕೂ ಜಿಗಿಯುತ್ತದೆ. ಸೆಕೆಂಡಿಗೆ 100 ಅಳತೆ ತೆಗೆದು ಗೈರೊಗೆ 0.98, ಆಕ್ಸೆಲರೋಮೀಟರ್‌ಗೆ 0.02 ಪಾಲಿನಲ್ಲಿ ಎರಡನ್ನೂ ಬೆರೆಸುವುದು ಆರಂಭಕ್ಕೆ ಸಾಕು. ಪ್ರತಿ ಸೆಟ್‌ಗೆ ಮುಂಚೆ ಎರಡು ಸೆಕೆಂಡ್ ನೆಟ್ಟಗೆ ನಿಂತು ಸೊನ್ನೆ ಹೊಂದಿಸಬೇಕು, ಬೆವರಿಗೆ ಪಟ್ಟಿ ಜಾರಿರುತ್ತದೆ. ಲಿಥಿಯಂ ಬ್ಯಾಟರಿ ಬೆನ್ನಿನ ನಡುವೆ ಬೇಡ, ಮಲಗಿದಾಗ ಅಥವಾ ಬೆಲ್ಟ್ ಬಿಗಿದಾಗ ಜಜ್ಜಿದರೆ ಬೆಂಕಿ ಹೊತ್ತಬಹುದು. ಅದು ಪಕ್ಕದ ಜೇಬಿನಲ್ಲಿ, ಗಟ್ಟಿ ಡಬ್ಬಿಯೊಳಗೆ ಇರಲಿ.

ಇಷ್ಟು ಮಾಡಿದರೂ ಈ ಸಾಧನ ಆ ಕ್ಷಣದ ರೆಪ್ (ಒಂದು ಸಲದ ಎತ್ತು) ಅನ್ನು ಕಾಪಾಡಲಾರದು. ಅದು ಕೂಗಿ, ಮನುಷ್ಯ ಕೇಳಿ, ಸ್ನಾಯು ಓಗೊಡುವಷ್ಟರಲ್ಲಿ ಬೆನ್ನು ಗೂನಾಗಿ ಆಗಿರುತ್ತದೆ. ಇಷ್ಟು ಡಿಗ್ರಿ ದಾಟಿದರೆ ನೋವು ಖಚಿತ ಎನ್ನುವಂಥ ಗೆರೆಯೂ ಇಲ್ಲ. ಹಗುರ ತೂಕದಲ್ಲಿ ಆ ವ್ಯಕ್ತಿಯ ಬೆನ್ನು ಎಷ್ಟು ಬಾಗುತ್ತದೆ ಎಂದು ಅಳೆದಿಟ್ಟುಕೊಂಡು, ದಣಿವಿನಿಂದ ಅದಕ್ಕಿಂತ ಹೆಚ್ಚು ಬಾಗತೊಡಗಿದಾಗ ‘ಸೆಟ್ ನಿಲ್ಲಿಸು’ ಎಂದು ಹೇಳಲು ಅದು ಯೋಗ್ಯ. ಅಷ್ಟಕ್ಕಾದರೂ ಉಪಯೋಗ ದೊಡ್ಡದೇ. ಮೋಟಾರಿನಿಂದ ರಾಡ್ ಎತ್ತಿ ಹಿಡಿಯುವ ‘ಆಟೊ ಸ್ಪಾಟರ್’ ಮಾಡುವವರಿಗೆ ನಮ್ಮದು ಒಂದೇ ಪ್ರಶ್ನೆ: ಕರೆಂಟ್ ಹೋದರೆ ಏನಾಗುತ್ತದೆ? ತಾನಾಗಿ ಹಿಂದಕ್ಕೆ ತಿರುಗದ ವರ್ಮ್ ಗೇರ್ ಇಲ್ಲದೆ, ಕೆಳಗೆ ಕಬ್ಬಿಣದ ತೊಲೆಯೂ ಇಲ್ಲದೆ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಬಾರದು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ಮೆಕ್ಯಾನಿಕಲ್ ವಿಭಾಗದ ಗೈಡ್‌ಗಳು ಈ ಸ್ಟ್ಯಾಂಡನ್ನೇ ಪ್ರಾಜೆಕ್ಟ್ ಆಗಿ ಕೊಡಲಿ. ಏಟಿನ ಬಲವನ್ನು ಸ್ಟ್ರೇನ್ ಗೇಜ್ ಅಂಟಿಸಿ ಅಳೆಯುವುದು, ರಬ್ಬರ್‌ನ ದಪ್ಪ ಬದಲಿಸಿ ನೋಡುವುದು, ಇದೇ ಬಲಕ್ಕೆ ತೂಕ ಇಳಿಸುವುದು, ಒಂದು ವರ್ಷಕ್ಕೆ ಸಾಲುವಷ್ಟು ಕೆಲಸ ಇದರಲ್ಲಿದೆ. ಮುಗಿದ ಮೇಲೆ ಆ ಜೋಡಿ ಕಾಲೇಜಿನ ಜಿಮ್‌ನಲ್ಲೇ ಉಳಿಯುತ್ತದೆ.

ಸರ್ಕಾರಿ ಕಾಲೇಜು, ಹಾಸ್ಟೆಲ್, ತಾಲ್ಲೂಕು ಕ್ರೀಡಾಂಗಣಗಳಿಗೆ ಜಿಮ್ ಸಾಮಗ್ರಿ ಕೊಳ್ಳುವವರಲ್ಲಿ ನಮ್ಮ ಒತ್ತಾಯ ಇಷ್ಟು. ಟೆಂಡರ್‌ನ ವಿವರಪಟ್ಟಿಯಲ್ಲಿ ‘ಬೆಂಚ್ ಪ್ರೆಸ್’ ಎಂದಷ್ಟೇ ಬರೆಯಬೇಡಿ. ‘ಎರಡೂ ತುದಿಗೆ ಆಧಾರವಿರುವ, 25 ಮಿ.ಮೀ. ಹೆಜ್ಜೆಯಲ್ಲಿ 55ರಿಂದ 80 ಸೆಂ.ಮೀ.ವರೆಗೆ ಎತ್ತರ ಬದಲಿಸಬಹುದಾದ, 3.2 ಮಿ.ಮೀ. ದಪ್ಪದ ಪೈಪಿನ ಸೇಫ್ಟಿ ಸ್ಟ್ಯಾಂಡ್ ಒಂದು ಜೋಡಿ ಸಹಿತ’ ಎಂದು ಬರೆಯಿರಿ, ಬಣ್ಣ ಹೊಡೆಯುವ ಮೊದಲು ಪರೀಕ್ಷಿಸುವ ಹಕ್ಕನ್ನೂ ಅದರಲ್ಲೇ ಸೇರಿಸಿ. ಖಾಸಗಿ ಜಿಮ್‌ಗಳಿಗೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳೂ ನವೀಕರಣದ ಹೊತ್ತಿಗೆ ಪ್ರತಿ ಬೆಂಚ್‌ಗೆ ಒಂದು ಜೋಡಿ ಇದೆಯೇ ಎಂದು ಬಂದು ನೋಡಲಿ.

— ಪವರ್‌ಲಿಫ್ಟಿಂಗ್ ತರಬೇತಿ ಮತ್ತು ಫ್ಯಾಬ್ರಿಕೇಷನ್ ಕೆಲಸದಲ್ಲಿರುವ ಓದುಗರು, ದಾವಣಗೆರೆ